ಮೂರನೆಯ ಕೂಗಿನವರೆಗೆ

ಇಲ್ಲಿಯವರೆಗೆ ಬೆಚ್ಚಗೆ, ಇಲ್ಲಿಂದ ಮೇಲಕ್ಕೆ ತಣ್ಣಗೆ — ಅಂಗೈಯಡಿಯ ಕಪ್ಪು ಪೈಪು ಒಂದೇ ಗೇಣಿನೊಳಗೆ ಬೇರೆ ಪೈಪಾಗಿಬಿಡುತ್ತದೆ, ಕೆಳಗಿನದು ಬಿಸಿಲಿಗೆ ಕಾದ ಖಾಲಿ ಪೈಪು, ಮೇಲಿನದು ಝರಿಯ ನೀರು ತುಂಬಿ ನಿಂತದ್ದು, ಅಂದರೆ ಕಸ ಕಟ್ಟಿಕೊಂಡಿರುವುದು ಇಲ್ಲೇ, ಈ ಮತ್ತಿ ಮರದ ಬುಡದಲ್ಲೇ, ಯಂತ್ರ ಬೇಡ, ಸೆನ್ಸರ್ ಬೇಡ, ಅಂಕುಶ ಸಿದ್ದಿಯ ಮಗಳಿಗೆ ಅಂಗೈ ಸಾಕು. ಬಳ್ಳಿ ಕಿತ್ತು ಪೈಪಿಗೆ ಸುತ್ತುತ್ತೇನೆ, ಹಿಂದೆ ನಿಧಾನಕ್ಕೆ ಹತ್ತಿ ಬರುತ್ತಿರುವ ಅಪ್ಪನಿಗೆ, ನನ್ನ ಬಾಬಾಗೆ ಗುರುತು, ಅವನು ಇಲ್ಲಿ ಕಸದ ಆಚೆಗೊಂದು ಈಚೆಗೊಂದು ಜೋಡಣೆ ಬಿಚ್ಚುತ್ತಾನೆ, ನಾನು ಮೇಲೆ ಹೋಗಿ ನೀರಿನ ಕಾಕ್ ಬಂದ್ ಮಾಡಿ ಬಂಡೆಯ ಮೇಲೆ ಕೂರುತ್ತೇನೆ, ಕುಂಬಾರವಾಡದಿಂದ ಮೂರು ಮೈಲಿ ಒಳಗಿರುವ ನಮ್ಮ ನಾಲ್ಕು ಮನೆಗಳಿಗೆ ನೀರು ಬರುವುದೂ ಆ ಬಂಡೆಯ ಬುಡದಿಂದ, ಫೋನಿಗೆ ಸಿಗ್ನಲ್ ಬರುವುದೂ ಅದರ ನೆತ್ತಿಯ ಮೇಲೆ, ಹನ್ನೊಂದಕ್ಕೆ ಕಂಪನಿಯ ಶರಣಬಸವ ಸರ್ ಫೋನ್ ಮಾಡುತ್ತಾರೆ, ಒಂದು ಸಹಿ ಐತಿ ನೋಡವ್ವಾ ರುಕ್ಮಾ ಎನ್ನುತ್ತಾರೆ, ಮಾಡುವುದಿಲ್ಲ, ನಿನ್ನೆಯೂ ಮಾಡಲಿಲ್ಲ, ಮೊನ್ನೆಯೂ ಮಾಡಲಿಲ್ಲ, ಇವತ್ತು ಮಾಡುತ್ತೇನೆ ಎಂದು ಅವರಿಗೆ ಯಾಕೆ ಅನ್ನಿಸಿತೋ, ರಜೆಯಲ್ಲಿ ಮನೆಯ ಊಟ ಉಂಡು ಮೆತ್ತಗಾಗಿರುತ್ತಾಳೆ ಎಂದೇನೋ. ಅಮ್ಮ, ನಮ್ಮ ಆಯಿ ಕಟ್ಟಿಕೊಟ್ಟ ರೊಟ್ಟಿ ಸೊಂಟದಲ್ಲಿದೆ, ಇನ್ನೂ ಬಿಸಿ ಇದೆ. ನಾನು ಮೆತ್ತಗಾಗಿಲ್ಲ.

ಕಾಲುದಾರಿ ಕಡಿದಾಗುತ್ತದೆ, ಒಂದು ಕೈ ಪೈಪಿನ ಮೇಲೇ ಇದೆ, ತಣ್ಣಗೆ, ತಣ್ಣಗೆ, ಸಮುದ್ರದ ತಳದಲ್ಲೂ ಹೀಗೇ ತಣ್ಣಗೆ ಆದರೆ ಅಲ್ಲಿ ಕೈಯಿಡುವವರಿಲ್ಲ, ನಮ್ಮ ಸೂಪಾ ಅಣೆಕಟ್ಟನ್ನು ಒಂದರ ತಲೆಯ ಮೇಲೊಂದು ಹತ್ತೊಂಬತ್ತು ಸಲ ನಿಲ್ಲಿಸಿದರೆ ಎಷ್ಟು ಎತ್ತರವೋ ಅಷ್ಟು ಆಳ, ಬಂಗಾಳ ಕೊಲ್ಲಿಯ ಆ ತಳದಲ್ಲಿ ಬೆಳಕಿಲ್ಲ, ನೀರು ನಾಲ್ಕೇ ಡಿಗ್ರಿ, ಇಳಿಯುವುದೇನಿದ್ದರೂ ಕೇಬಲ್ಲಿನ ತುದಿಯ ಯಂತ್ರ, ಮನುಷ್ಯರೆಲ್ಲ ಮೇಲೆ, ಲಂಗರು ಹಾಕಿ ನಿಂತ ಹಡಗಿನಲ್ಲಿ. ತಳದ ಬಾವಿಯಿಂದ ಗ್ಯಾಸು, ಎಣ್ಣೆ, ಜೊತೆಗಿಷ್ಟು ನೀರು ಬಿಸಿಬಿಸಿಯಾಗಿ ಪೈಪಿನಲ್ಲಿ ಹೊರಟು ಹಡಗಿಗೆ ಏರುತ್ತವೆ, ಆ ಪೈಪಿನ ಒತ್ತಡದ ಲೆಕ್ಕ ನೋಡುವ ಎಂಜಿನಿಯರ್ ನಾನು, ನನ್ನ ಸಹಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ, ಹರಿಯುತ್ತಿರುವಷ್ಟು ಹೊತ್ತು ತೊಂದರೆಯಿಲ್ಲ, ನಿಂತರೆ ತಣಿಯುತ್ತದೆ, ತಣಿದರೆ ಗ್ಯಾಸೂ ನೀರೂ ಕೂಡಿ ಹೆಪ್ಪುಗಟ್ಟುತ್ತವೆ, ಅದು ಮಂಜುಗಡ್ಡೆಯಂತೆಯೇ ಕಾಣುತ್ತದೆ, ಬೆಂಕಿ ಮುಟ್ಟಿಸಿದರೆ ಮಾತ್ರ ಉರಿಯುತ್ತದೆ. ಅಷ್ಟು ಒತ್ತಡವಿದ್ದರೆ ಹದಿನೆಂಟು ಇಪ್ಪತ್ತು ಡಿಗ್ರಿಯಲ್ಲೂ ಗಡ್ಡೆಯಾಗುತ್ತದೆ ಎಂದಾಗ ಆಯಿ ನಕ್ಕಿದ್ದಳು, ಇಪ್ಪತ್ತು ಅಂದ್ರ ನಮ್ಮ ಅಂಗಳದ ಚಳಿ, ನಮ್ಮ ಕೊಡದಾಗ ಯಾವತ್ತರ ಗಡ್ಡಿ ಆಗೇತೇನ ಎಂದಿದ್ದಳು. ಹನ್ನೊಂದು ದಿನದ ಹಿಂದೆ ಚಂಡಮಾರುತ ಬಂತು, ಬಾವಿ ಮುಚ್ಚಿದರು, ಮುಚ್ಚುವ ಮೊದಲು ಪೈಪಿಗೆ ಮೆಥನಾಲ್ ತಳ್ಳಿದ್ದರೆ ಹೆಪ್ಪಾಗುತ್ತಿರಲಿಲ್ಲ, ಆ ಪಂಪು ಕೆಟ್ಟಿದೆ ಎಂದು ನಾನು ಎರಡು ಸಲ ಬರೆದಿದ್ದೆ, ಬರೆದದ್ದನ್ನು ಯಾರು ಓದುತ್ತಾರೆ, ಗಾಳಿ ಇಳಿದ ಮೇಲೆ ಬಾವಿ ತೆರೆದರೆ ಹಡಗಿಗೆ ಏನೂ ಬರಲಿಲ್ಲ. ಗಡ್ಡೆ ಅಲ್ಲೇ ಕೂತಿದೆ, ಚಂಡಮಾರುತಕ್ಕೆ ಮುಂಚೆಯೇ ಪಾಳಿ ಮುಗಿಸಿ ಇಳಿದ ನಾನು ಇಲ್ಲಿ ಕೂತಿದ್ದೇನೆ.

ಕೂತೆ, ಹೌದು, ಬಂಡೆ ಬಂತು, ಕಾಕ್ ತಿರುವಿ ಬಂದ್ ಮಾಡಿದೆ, ಬಂದ್ ಮಾಡಲು ನನಗೆ ಭಯವಿಲ್ಲ. ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್, ಹತ್ತೂ ನಲವತ್ತು, ಟಣ್ ಟಣ್ ಎಂದು ನಿನ್ನೆಯ ಮೆಸೇಜುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ, ಗೂಳಪ್ಪಣ್ಣನ ದನಿ, ಮುಂಡಗೋಡದ ಸನವಳ್ಳಿಯವನು, ಟಿಬೆಟನ್ ಕಾಲೊನಿಯ ಅಂಗಡಿಯಲ್ಲಿ ಕೊಂಡ ಉಣ್ಣೆಯ ಟೋಪಿಯನ್ನು ಆ ಸುಡುಬಿಸಿಲಿನ ಡೆಕ್ಕಿನ ಮೇಲೂ ತೆಗೆಯುವುದಿಲ್ಲ, ಹೆಲ್ಮೆಟ್ಟಿನಡಿಯಲ್ಲಿ ಅದೇ, ಪೈಪು ಹಡಗಿಗೆ ಏರಿ ಮೊದಲ ಸಲ ಬಾಗುವ ಜಾಗದಲ್ಲಿ ಒಂದು ವಾಲ್ವ್ ಇದೆಯಲ್ಲ, ಅದರ ಮುಂದೆ ನಿಲ್ಲುವವನು ಅವನೇ. ಅಕ್ಕಾರ, ನಲವತ್ತು ದಿನ ಆತ್ರಿ ಹಡಗಿನ ಮ್ಯಾಲ, ಇದು ಬಿಡೂತನಕ ಯಾರನೂ ಇಳಸೂದಿಲ್ಲ ಅಂತಾರ, ಬರೂ ಸೋಮವಾರ ಬಸರಿ ಮಗಳ ಕುಬಸ ಐತ್ರಿ, ಅದೊಂದು ಸಹಿ ಮಾಡಿ ಕಳಸ್ರಿ, ಮನಿಗೆ ಹೋಗೂಣು. ನಗುತ್ತಲೇ ಹೇಳಿದ್ದಾನೆ ಪುಣ್ಯಾತ್ಮ, ತನ್ನ ಎದೆಗೆ ಗುರಿಯಿಡುವ ಕಾಗದಕ್ಕೆ ತಾನೇ ಸಹಿ ಕೇಳುತ್ತಿದ್ದಾನೆ. ಕಂಪನಿಯವರ ಉಪಾಯ ಏನೆಂದು ಗೂಳಪ್ಪಣ್ಣನಿಗೆ ಯಾರು ಬಿಡಿಸಿ ಹೇಳುತ್ತಾರೆ, ಹಡಗಿನ ಕಡೆಯಿಂದ ಮಾತ್ರ ಗ್ಯಾಸು ಬಿಟ್ಟು ಒತ್ತಡ ಇಳಿಸುವುದು, ಇಳಿದರೆ ಗಡ್ಡೆ ಕರಗುತ್ತದೆ, ನಿಜ, ನಾಲ್ಕು ದಿನದ ಕೆಲಸ, ಅದೂ ನಿಜ, ಆದರೆ ಗಡ್ಡೆ ಕರಗುವುದು ಸುತ್ತಲಿನಿಂದ, ಮೊದಲು ಪೈಪಿನ ಗೋಡೆಯ ಹಿಡಿತ ಬಿಡುತ್ತದೆ, ಬಿಟ್ಟ ಗಳಿಗೆಯಲ್ಲಿ ಅದರ ಬೆನ್ನ ಹಿಂದೆ ಗಾಳಿಯ ಒತ್ತಡದ ನೂರೈವತ್ತು ಪಟ್ಟು, ಮುಂದೆ ಖಾಲಿ, ಹೊರಟರೆ ಎಲ್ಲಿ ನಿಲ್ಲುತ್ತದೆ, ಮೊದಲ ಬಾಗಿನಲ್ಲಿ, ಉಣ್ಣೆಯ ಟೋಪಿಯ ಮುಂದೆ. ಬಾವಿಯ ಕಡೆಯಿಂದಲೂ ಅಷ್ಟಷ್ಟೇ ಇಳಿಸಬೇಕು, ಎರಡೂ ಕಡೆ ಸಮನಾಗಿ, ಅದಕ್ಕೆ ಯಂತ್ರವೂ ಮೆದುಗೊಳವೆಯೂ ಇರುವ ಇನ್ನೊಂದು ಹಡಗು ಬೇಕು, ಹನ್ನೆರಡು ದಿನಕ್ಕೆ ಬರುತ್ತದೆ, ಆಮೇಲೆ ಎರಡು ವಾರ ಕಾಯಬೇಕು, ಕಾಯುವುದು ದೊಡ್ಡವರಿಗೆ ಬರುವುದಿಲ್ಲ.

ಕಾಯುವುದು ನನಗೂ ಬರಲಿಲ್ಲ ಆಗ, ಒಂಬತ್ತು ವರ್ಷ, ಇದೇ ಬಂಡೆ, ಇದೇ ಕಾಕ್, ಆಗ ಹೊಸದು, ಹಸಿರು ಬಣ್ಣದ ಹಿಡಿ. ಮಳೆಗಾಲ ಮುಗಿದು ಝರಿ ತಿಳಿಯಾದ ಮೇಲೆ ನಮ್ಮಲ್ಲಿ ಎಲ್ಲರೂ ಪೈಪು ತೊಳೆಯುತ್ತಾರೆ, ಮೇಲೊಬ್ಬರು ಕೆಳಗೊಬ್ಬರು, ನಡುವೆ ಕಾಡು, ಒಬ್ಬರಿಗೊಬ್ಬರು ಕಾಣುವುದಿಲ್ಲ, ಆದ್ದರಿಂದ ಕೂಗು, ಕೆಳಗಿನವರು ಕೂ ಎಂದ ಮೇಲೆ ಮೇಲಿನವರು ಬಿಡಬೇಕು, ಕೂಗು ಬರುವವರೆಗೆ ಮುಟ್ಟಬಾರದು, ನಾಲ್ಕೂ ಮನೆಯ ಮಕ್ಕಳಿಗೆ ಇದು ಗೊತ್ತು. ಕೆಳಗಿನವರು ಮಾಡುವುದೇನು, ಬಿಚ್ಚಿದ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುವುದು, ಎಲ್ಲರೂ ಮಾಡುತ್ತಾರೆ, ಬೆಳಕು ಕಾಣುತ್ತದೋ, ಕಪ್ಪೆ ಕೂತಿದೆಯೋ, ಎಲೆ ಸಿಕ್ಕಿದೆಯೋ ಎಂದು. ಆ ದಿನ ನನ್ನ ಪಕ್ಕದಲ್ಲಿ ಆಚೆ ಮನೆಯ ಮಾನ್ವೆಲ್ ಮಾಮಾ ಕೂತಿದ್ದ, ಬೀಡಿ ಮುಗಿಸಿದ್ದ, ಅವನಿಗೆ ಕುಂಬಾರವಾಡದ ಬಸ್ಸು ಹಿಡಿಯಬೇಕಿತ್ತು, ದಿನಕ್ಕಿದ್ದುದೇ ಒಂದು ಬಸ್ಸು, ಕೂಗು ಬರಲಿಲ್ಲ, ಅವನು ಸೂರ್ಯನನ್ನು ನೋಡಿದ, ದಾರಿ ನೋಡಿದ, ಸೋಡ್ ಗೋ ರುಕ್ಮಾ, ಬಿಡು, ನಿಮ್ಮಪ್ಪ ಆವಾಗಲೇ ಮುಗಿಸ್ಯಾನ, ಕೂಗೂದು ಮರತಾನ. ದೊಡ್ಡವನು ಹೇಳಿದ, ನಾನು ತಿರುವಿದೆ. ಹಿಡಿ ಗಟ್ಟಿಯಿತ್ತು, ಎರಡೂ ಕೈಯಿಂದ ತಿರುವಿದೆ, ನೀರು ಗುಡುಗುಡು ಎಂದು ಇಳಿಯಿತು, ಖುಷಿಯಾಯಿತು ನನಗೆ, ಹೇಳಲೇಬೇಕಲ್ಲ, ಖುಷಿಯಾಯಿತು. ಪೈಪಿನೊಳಗೆ ಹಿಂದಿನ ವರ್ಷದ ಮರದ ಬೆಣೆಯೊಂದು ಸಿಕ್ಕಿಕೊಂಡಿತ್ತು, ಹೆಬ್ಬೆರಳಿನಷ್ಟು, ಅದರ ಬೆನ್ನ ಹಿಂದೆ ಇಡೀ ಗುಡ್ಡದ ನೀರು, ಮುಂದೆ ಖಾಲಿ, ಖಾಲಿಯ ಕೊನೆಗೆ ಪೈಪಿನ ಕಪ್ಪು ಬಾಯಿ, ಆ ಬಾಯಿಗೆ ಬಾಬಾನ ಎಡಗಣ್ಣು.

ದಾಂಡೇಲಿಯ ಆಸ್ಪತ್ರೆಯಿಂದ ಹತ್ತು ದಿನಕ್ಕೆ ಮನೆಗೆ ಬಂದವನು ಆ ಬೆಣೆಯನ್ನು ತೊಳೆದು ನಮ್ಮ ಹಿರಿಯರ ಹೆಸರಿನಲ್ಲಿ ತೆಂಗಿನಕಾಯಿ ಇಟ್ಟ ಮೂಲೆಯಲ್ಲಿ ಕಾಯಿಯ ಪಕ್ಕಕ್ಕೇ ಇಟ್ಟ, ಆಯಿ ಬೈದಳು, ಒಲಿಗೆ ಹಾಕು ಅದನ್ನ, ಬಾಬಾ ಕೇಳಲಿಲ್ಲ, ನನ್ನ ಕಣ್ಣು ನೋಡಿದ ಕಡೀ ವಸ್ತು ಅದು, ಹಿರಿಯರ ಸಂಗಡ ಇರಲಿ ಎಂದ. ಈಗಲೂ ಕುಂಕುಮ ಇಟ್ಟುಕೊಂಡು ಕೂತಿದೆ. ನನಗೆ ಒಂದು ಮಾತು ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು, ಅವತ್ತಿನಿಂದ ಒಂದರ ಜಾಗದಲ್ಲಿ ಮೂರು ಕೂಗು ಎಂದು ನಿಯಮ ಮಾಡಿದ, ಮೊದಲನೆಯದು ಜೋಡಿಸಿದೆ ಎಂದು, ಎರಡನೆಯದು ದೂರ ಸರಿದೆ ಎಂದು, ಮೂರನೆಯದು ಬಿಡು ಎಂದು. ಹಳಿಯಾಳದ ಹಾಸ್ಟೆಲ್ಲಿಗೆ ನನ್ನನ್ನು ಬಿಡಲು ಬಂದಾಗ ಹುಡುಗಿಯರು ಅವನ ಕಣ್ಣನ್ನೇ ನೋಡಿದರು, ಇನ್ನೊಂದು ಐತಿ ತಂಗೆವ್ವಾ, ಸ್ಪೇರು ಎಂದು ನಗಿಸಿದ, ನಾನು ನಗಲಿಲ್ಲ. ಪೈಪಿನೊಳಗೆ ಒತ್ತಡ ಹೇಗೆ ಓಡುತ್ತದೆ ಎಂದು ಓದಿದ್ದು ಆ ಒಂದು ಕಣ್ಣಿಗೆ ಲೆಕ್ಕ ಹುಡುಕಲು, ಹುಡುಕಿದೆ, ಸಿಕ್ಕಿತು, ಸಮಾಧಾನ ಸಿಗಲಿಲ್ಲ. ಹಡಗಿಗೆ ಹೋಗುವ ಹೆಲಿಕಾಪ್ಟರಿನ ಬಾಗಿಲಲ್ಲಿ ನನ್ನ ಗುಂಗುರು ಕೂದಲು ನೋಡಿ ಈಗಲೂ ಕೇಳುತ್ತಾರೆ, ಮೇಡಂ ನಿಮ್ಮದು ಯಾವ ದೇಶ, ಜೊಯಿಡಾ ಎನ್ನುತ್ತೇನೆ, ಅದು ಆಫ್ರಿಕಾದಲ್ಲಿ ಎಲ್ಲಿ ಬರುತ್ತದೆ ಎನ್ನುತ್ತಾರೆ, ದಾಂಡೇಲಿ ದಾಟಿದ ಮೇಲೆ ಎನ್ನುತ್ತೇನೆ.

ಫೋನು. ಹನ್ನೊಂದಕ್ಕೆ ಸರಿಯಾಗಿ. ರುಕ್ಮಾ, ಊಟ ಆತೇನವ್ವಾ, ಇಲ್ಲ ಸರ್, ಪೈಪ್ ಕೆಲಸ ನಡದೈತಿ, ರಜಾದಾಗೂ ಪೈಪ ಏನು ನಿಂದು, ನಗುತ್ತಾರೆ, ಹಳಿಯಾಳದವರು, ಸಂದರ್ಶನದ ದಿನ ಎಲ್ಲರೆದುರು ನಮ್ಮ ಕಡೆ ಹುಡುಗಿ ಎಂದವರು, ಕೆಟ್ಟವರಲ್ಲ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ನೋಡವ್ವಾ, ಮ್ಯಾಲಿನವರು ನನ್ನ ತಲೀ ಮ್ಯಾಲ ಕುಂತಾರ, ನೂರಕ್ಕ ತೊಂಬತ್ತು ಸಲ ಏನೂ ಆಗಂಗಿಲ್ಲ ಇದರಾಗ. ಉಳಿದ ಹತ್ತು ಸಲ ವಾಲ್ವ್ ಮುಂದ ಯಾರು ನಿಂದರ್ತಾರ್ರಿ ಸರ್, ನೀವೇನ್ರಿ. ಅವರು ಮಾತು ಬದಲಿಸುತ್ತಾರೆ. ನೀ ಹಟಾ ಹಿಡದಿ ಅಂತ ಬರೀತಾರ, ಮುಂದಿನ ಪಾಳಿಗೆ ನಿನ್ನ ಹೆಸರು ಇರತೈತೋ ಇಲ್ಲೋ ನಾ ಹೇಳಲಾರೆ, ಕೂಗು ಬಂದಿಲ್ಲರೀ ಸರ್ ಎಂದುಬಿಡುತ್ತೇನೆ, ಏನಂದಿ, ಏನಿಲ್ಲ, ಸಹಿ ಮಾಡಂಗಿಲ್ಲರಿ ಅಂದೆ, ಎರಡೂ ಕಡಿಂದ ಇಳಸ್ರಿ, ಇಲ್ಲಂದ್ರ ಮುಟ್ಟಬ್ಯಾಡ್ರಿ. ವಿಚಾರ ಮಾಡು ಎನ್ನುತ್ತಾರೆ, ಮಾಡಿದ್ದೇನೆ, ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವುದು ಅದೊಂದೇ ವಿಚಾರ. ಫೋನು ಇಡುತ್ತಾರೆ, ಪರದೆಯ ಮೇಲೆ ಅನುಮತಿ ಪತ್ರ, ಕೆಳಗೆ ಎರಡು ಗುಂಡಿ, ಒಪ್ಪಿಗೆಯದು ಹಸಿರು, ಆ ಕಾಕಿನ ಹಿಡಿಯ ಹಸಿರೇ, ನಿರಾಕರಣೆಯದು ಬೂದು, ಅದನ್ನು ಒತ್ತಿದರೆ ಕಾರಣ ಬರೆಯಬೇಕು, ಬರೆದದ್ದು ಹಡಗಿನ ಪ್ರತಿಯೊಬ್ಬನಿಗೂ ದಡದ ಸುರಕ್ಷತಾ ವಿಭಾಗಕ್ಕೂ ಹೋಗುತ್ತದೆ, ಅದಕ್ಕೇ ಎಲ್ಲರೂ ಫೋನಿನಲ್ಲೇ ಮುಗಿಸಲು ನೋಡುತ್ತಾರೆ. ಬೂದು ಒತ್ತಿ ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಒಂದೇ ಕಡೆಯಿಂದ ಒತ್ತಡ ಇಳಿಸಿದರೆ ಗಡ್ಡೆ ಸಡಿಲವಾಗಿ ಹಡಗಿನತ್ತ ಹಾರುತ್ತದೆ, ವಾಲ್ವಿನ ಮುಂದೆ ಮನುಷ್ಯನಿದ್ದಾನೆ. ಎರಡೇ ಸಾಲು. ಕಳಿಸಿಬಿಟ್ಟೆ.

ರೊಟ್ಟಿ ಬಿಚ್ಚುತ್ತೇನೆ, ಇರುವೆಗಳಿಗೆ ಮುರಿದು ಹಾಕುತ್ತೇನೆ, ಕಾಲು ಗಂಟೆ, ಇಪ್ಪತ್ತು ನಿಮಿಷ, ಟಣ್. ಶರಣಬಸವ ಸರ್. ಕೆಲಸ ನಿಲ್ಲಿಸೇವಿ, ಆ ಹಡಗು ಬರೂತನಕ ಕಾಯಾಕ ಒಪ್ಪ್ಯಾರ. ಮುಂದಿನ ಪಾಳಿಗೆ ನಿನ್ನ ಹೆಸರು ತಗದಾರವ್ವಾ, ನನ್ನ ಕೈಯಾಗ ಏನೂ ಉಳೀಲಿಲ್ಲ. ಸರಿ. ತೆಗೆಯಿರಿ. ನನ್ನ ಹೆಸರು ತೆಗೆಯಬಹುದು, ಬರೆದ ಕಾರಣ ತೆಗೆಯಲು ಬರುವುದಿಲ್ಲ, ಗಡ್ಡೆ ಕರಗಿದ ದಿನ ಅದರಿಂದ ಬಂದ ನೀರು ಅಳೆದು ನೋಡಿ ಯಾರು ಹಟಮಾರಿ ಎಂದು ಹೇಳಿ. ಮತ್ತೆ ಟಣ್, ಗೂಳಪ್ಪಣ್ಣ, ಈ ಸಲ ನಗುವಿಲ್ಲ, ನಿಮ್ಮಿಂದ ಮಗಳ ಕುಬಸ ತಪ್ಪಿತ್ರಿ ಅಕ್ಕಾರ, ಇಷ್ಟೇ ಹೇಳೂದು. ಅಳು ಬರುತ್ತದೆ, ಬರಲಿ, ಇಲ್ಲಿ ಯಾರಿದ್ದಾರೆ ನೋಡಲು. ಸಿಟ್ಟಾಗು ಗೂಳಪ್ಪಣ್ಣ, ಎರಡೂ ಕಣ್ಣು ಕೆಂಪಗೆ ಮಾಡಿಕೊಂಡು ಸಿಟ್ಟಾಗು, ಮೊಮ್ಮಗು ಹುಟ್ಟಿದ ಮೇಲೆ ಆ ಎರಡೂ ಕಣ್ಣಿನಿಂದ ನೋಡು, ಟೋಪಿಯನ್ನು ಅದರ ತಲೆಗೆ ಹಾಕು, ನನ್ನನ್ನು ಬೈಯುತ್ತಲೇ ಹಾಕು, ಅಡ್ಡಿಯಿಲ್ಲ.

ಕೂ — ಕೆಳಗಿನಿಂದ, ಮತ್ತಿ ಮರದ ಕಡೆಯಿಂದ, ಬಾಬಾನ ದನಿ, ಕಸ ತೆಗೆದು ಜೋಡಿಸಿದ್ದಾನೆ. ಕೂ ಎಂದು ತಿರುಗಿ ಕೂಗುತ್ತೇನೆ, ನನ್ನ ದನಿ ಒಡೆದಿದೆ, ಅವನಿಗೆ ಗೊತ್ತಾಗುತ್ತದೆ, ಆಗಲಿ. ಬಂದ್ ಮಾಡಿದ್ದೇನೆ ಎಷ್ಟೋ ಸಲ, ತೆರೆದಿಲ್ಲ, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ, ಬೇರೆ ಯಾರಾದರೂ ಇರುತ್ತಿದ್ದರು, ಇವತ್ತು ನಾನೊಬ್ಬಳೇ, ಕೈ ಹಿಡಿಯ ಮೇಲಿದೆ, ಬಣ್ಣವೆಲ್ಲ ಹೋಗಿ ಬರೀ ತುಕ್ಕು, ತಣ್ಣಗೆ. ಕೂ — ಎರಡನೆಯದು, ದೂರ ಸರಿದಿದ್ದಾನೆ, ಸರಿದಿರಬೇಕು, ಸರಿದೆ ಎಂದೇ ಅದರ ಅರ್ಥ, ಆದರೂ ಬಾಬಾ, ನೀನು ಬಗ್ಗಿ ಕೆಳಗಿನ ಜೋಡಣೆ ಇನ್ನೊಮ್ಮೆ ಬಿಚ್ಚಿ ನೋಡುವವನು, ಒಂದು ಎಲೆ ಉಳಿದಿದೆಯೋ ಎಂದು ನೋಡುವವನು, ಮೂರನೆಯದು ಇನ್ನೂ ಬಂದಿಲ್ಲ, ಗಾಳಿಯಿಲ್ಲ, ಕಾಡು ಸುಮ್ಮನಿದೆ, ಕಾಯುತ್ತೇನೆ, ಎಷ್ಟು ಹೊತ್ತಾದರೂ ಕಾಯುತ್ತೇನೆ, ಬಾರದೆ ತಿರುವುವುದಿಲ್ಲ, ಯಾರು ಹೇಳಿದರೂ ತಿರುವುವುದಿಲ್ಲ, ಇಲ್ಲಿಂದ ಕಾಣದಿದ್ದರೂ ನನ್ನ ಕಣ್ಣ ಮುಂದೆ ಅದೇ, ಪೈಪಿನ ಕಪ್ಪು ಬಾಯಿ, ಅದರ ಹತ್ತಿರಕ್ಕೆ ಬಗ್ಗುತ್ತಿರುವ ಮುಖ, ಪೈಪಿನ ಕಪ್ಪು ಬಾಯಿ, ಅದಕ್ಕೆ ಒತ್ತಿಟ್ಟ ಒಂದು ಕಣ್ಣು, ಬಲಗಣ್ಣು, ಉಳಿದಿರುವ ಕಣ್ಣು.