ದಫೇದಾರ ಬೊಗಳಲಿಲ್ಲ

ಗೇಟಿನ ಚಿಲಕ ಸರಿದ ಸದ್ದು, ಇನ್ನು ಶುರುವಾಗುತ್ತದೆ ಎಂದು ಸರಪಳಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ, ಆದರೆ ನಾಯಿ ಬೊಗಳಲಿಲ್ಲ — ನಮ್ಮ ದಫೇದಾರ, ಅಂಚೆಯವನ ಪ್ಯಾಂಟು ಹರಿದದ್ದು, ಕಳೆದ ರಜೆಗೆ ಬಂದ ಷಡ್ಡಕನನ್ನು ಊಟದ ಮೇಜಿನ ಮೇಲೆ ಹತ್ತಿಸಿದ್ದು, ಅದಕ್ಕೇ ಈ ಸಲ ಬೆಳಿಗ್ಗೆಯೇ ಓಡಿಸಿ ಸುಸ್ತು ಮಾಡಿಸಿದ್ದೆ, ಹಿತ್ತಲ ಕೋಣೆಯಲ್ಲಿ ಕಂಬಳಿ, ನೀರು, ಕಡಿಯಲು ಮೂಳೆ ಎಲ್ಲ ಇಟ್ಟಿದ್ದೆ; ಬಾಗಿಲಲ್ಲಿ ಅಣ್ಣ, ಹತ್ತು ವರ್ಷದ ಮೇಲೆ, ಅಂದು ಅಪ್ಪ ತೀರಿಕೊಂಡು ಮೂರು ದಿನ ತಡವಾಗಿ ಬಂದವನಿಗೆ ಇನ್ನು ಈ ಹೊಸಿಲು ತುಳಿಯಬೇಡ ಅಂದಿದ್ದೆ, ರಜೆಗಾದ್ರೂ ಕರೀರಿ ಅವ್ರನ್ನ, ಅತ್ತೆ ಇನ್ನೆಷ್ಟು ದಿನ ಇರ್ತಾರೆ ಅಂತ ಹೆಂಡತಿ ತಿಂಗಳಿಡೀ ಹೇಳಿದಳು, ಒಪ್ಪಿದೆ, ಅಮ್ಮನಿಗೆ ಮಾತ್ರ ಹೇಳಬೇಡ, ಕೊನೇ ಗಳಿಗೆಯಲ್ಲಿ ನನ್ನ ಮನಸ್ಸು ಬದಲಾದೀತು ಅಂದೆ — ಆದರೆ ಈ ನಾಯಿಗೆ ಮೂರೇ ವರ್ಷ, ಅಣ್ಣನನ್ನು ನೋಡಿಯೇ ಇಲ್ಲ, ನೋಡದವನ ಕಾಲಡಿ ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತಿದೆಯಲ್ಲ. ಪಾಪದ ಪ್ರಾಣಿ ಕಣೋ ಅಂದ ಅಣ್ಣ, ನನ್ನ ಮುಖ ನೋಡದೆ, ಅವನ ಬೆರಳು ನಾಯಿಯ ಎಡಗಿವಿಯ ಹಿಂದಿನ ಗಂಟನ್ನು ತಡಕಾಡದೆ ಮುಟ್ಟಿತು, ಆ ಗಂಟು ನನಗೇ ಸಿಕ್ಕಿದ್ದು ನಾಯಿ ಮನೆಗೆ ಬಂದು ಆರು ತಿಂಗಳಾದ ಮೇಲೆ. ಇಪ್ಪತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣು, ಒಂದು ಒತ್ತಕ್ಷರ ಬಿಟ್ಟುಹೋದರೆ ಊಟ ಸೇರದು, ಇಲ್ಲೇನೋ ಬಿಟ್ಟುಹೋಗಿದೆ — ಕಾಫಿ ತರ್ತೀನಿ ಅಂತ ಒಳಹೋದ ಹೆಂಡತಿ ಸಕ್ಕರೆ ಎಷ್ಟು ಎಂದು ಅಣ್ಣನನ್ನು ಕೇಳಲಿಲ್ಲ, ಅಥವಾ ನಾನೇ ಇಲ್ಲದ್ದನ್ನು ಓದುತ್ತಿದ್ದೇನೋ, ನಾಯಿಗೆ ಸುಸ್ತು, ಅವನ ಚೀಲದಲ್ಲಿ ಬಿಸ್ಕತ್ತಿನ ವಾಸನೆ, ಅಷ್ಟೇ, ಅಷ್ಟೇ ಎಂದುಕೊಳ್ಳುವಾಗಲೇ ಅದು ಎದ್ದಿತು, ಹಿತ್ತಲಿಗೆ ನಡೀ ಅಂದರೆ ಕೇಳದೆ ಅಣ್ಣನ ಮುಂದೆ ಮುಂದೆ ಹೋಗಿ, ಹಜಾರ ದಾಟಿ, ಬಲಕ್ಕೆ ತಿರುಗಿ, ಅಮ್ಮನ ಕೋಣೆಯ ಮುಚ್ಚಿದ ಬಾಗಿಲಿಗೆ ಒರಗಿ ನಿಂತು ಬಾಲ ಬಡಿಯತೊಡಗಿತು, ಟಪ್ ಟಪ್, ನಾನು ಬಂದಾಗ ಎಂದೂ ಹಾಗೆ ಬಡಿದಿಲ್ಲ, ಹೆಂಡತಿ ಲೋಟ ಹಿಡಿದು ನಿಂತುಬಿಟ್ಟಳು, ಅಣ್ಣ ನೆಲ ನೋಡಿದ, ಟಪ್ ಟಪ್, ಸೊಂಟ ಮುರಿದು ಎರಡು ವರ್ಷದಿಂದ ಮಲಗಿರುವ ಅಮ್ಮ, ಮಾತ್ರೆಯ ವಿಷಯ ಬಿಟ್ಟು ನನ್ನೊಡನೆ ಏನೂ ಮಾತಾಡದ ಅಮ್ಮ, ಒಳಗಿನಿಂದ, ನಾನು ಮರೆತೇಹೋಗಿದ್ದ ದನಿಯಲ್ಲಿ, ಬಂದ್ಯಾ ಮಗಾ, ಇವತ್ತು ಮಂಗಳವಾರ ಅಲ್ವಲ್ಲೋ, ಅವ್ನು ಮನೇಲಿರ್ತಾನೆ, ಮೆಲ್ಲಗೆ ಬಾ — ಅವನು ಎಂದರೆ ನಾನು, ಎಷ್ಟು ಮಂಗಳವಾರ, ನಾನು ಕೆಲಸಕ್ಕೆ ಹೋದ ಮೇಲೆ, ಎಷ್ಟು ಮೆಲ್ಲಗೆ, ಅವನು ಎಂದರೆ ನಾನು, ಮುಚ್ಚಿದ ಬಾಗಿಲ ಮೇಲೆ ಬಾಲ, ಟಪ್, ಬಾಲ, ಟಪ್