ಆ ತುದಿಯ ಗೇರ್‌ಬಾಕ್ಸ್

ಬೀದಿಯವರೆಲ್ಲ ಅವಳನ್ನು ಇಂಜಿನ್ ಅಕ್ಕ ಎನ್ನುತ್ತಿದ್ದರು. ಬೀದಿಯ ಆ ತುದಿಯಲ್ಲಿ ಗೇರ್‌ಬಾಕ್ಸ್ ರಿಪೇರಿ ಮಾಡುವವನು ಒಂದು ಕಾಲಕ್ಕೆ ಅವಳ ಗಂಡ. ಒಂದೇ ಶೆಡ್ಡಿನಲ್ಲಿ ದುಡಿದವರು. ಬಿಟ್ಟಿದ್ದೇಕೆ ಎಂದು ಕೇಳಿದವರಿಗೆ ಹೇಳಲು ಅವಳ ಬಳಿ ಏನೂ ಇರಲಿಲ್ಲ. ಜಗಳ ಆಡಲಿಕ್ಕೂ ಮಾತು ಬೇಕಲ್ಲ, ಅವರ ನಡುವೆ ಅದೂ ಬತ್ತಿಹೋಗಿತ್ತು. ಒಂದು ಬೆಳಿಗ್ಗೆ ಅವನು ತನ್ನ ಸ್ಪ್ಯಾನರುಗಳನ್ನು ಗೋಣಿಚೀಲಕ್ಕೆ ತುಂಬಿ ಹೊರಟ. ಚೀಲ ಭಾರವಾಗಿತ್ತೆಂದು ಅವಳೇ ಬಾಗಿಲು ತೆರೆದು ಹಿಡಿದಳು.

ಶಾಲೆಯ ಹಳೇ ವ್ಯಾನು ಬಂದದ್ದು ಅದಾಗಿ ಎಷ್ಟೋ ತಿಂಗಳ ಮೇಲೆ. ಇವರ ಕಥೆ ಗೊತ್ತಿಲ್ಲದ ಡ್ರೈವರ್ ಇಂಜಿನ್ ಇವಳಿಗೆ ಕೊಟ್ಟು, ಗೇರ್‌ಬಾಕ್ಸ್ ಅವನಿಗೆ ಕೊಟ್ಟಿದ್ದ. ಇಂಜಿನ್ನಿನ ಹಳೇ ಕ್ರ್ಯಾಂಕ್ ಶಾಫ್ಟ್ ಬಿರುಕು ಬಿಟ್ಟಿತ್ತು. ಗುಜರಿಯಿಂದ ಡ್ರೈವರೇ ಇನ್ನೊಂದು ತಂದಿದ್ದ, ನೋಡಲು ಥೇಟ್ ಅದೇ. ಆದರೂ ಇಂಜಿನ್ ಕಟ್ಟುವ ಮೊದಲು ಅವಳು ಅದರ ಹಿಂತುದಿಗೆ ಬೆರಳಿಟ್ಟು ನೋಡಿದಳು. ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕೂರಬೇಕಾದ ತೂತು ಮೊದಲ ಗೆಣ್ಣಿಗೇ ಮುಗಿದುಹೋಯಿತು. ಅಷ್ಟು ಆಳದ ತೂತು ಬೇಡದ ಆಟೋಮ್ಯಾಟಿಕ್ ಗಾಡಿಯದಿರಬೇಕು. ಹೀಗೇ ಬಿಗಿದರೆ ಗೇರ್‌ಬಾಕ್ಸ್ ಶಾಫ್ಟು ಕ್ರ್ಯಾಂಕನ್ನು ಒತ್ತಿ ಒತ್ತಿ ಹೊಸ ಬೇರಿಂಗನ್ನೇ ತಿಂದುಹಾಕುತ್ತದೆ. ಇನ್ನೆಷ್ಟು ಕೊರೆಯಬೇಕೆಂದು ತಿಳಿಯಲು ಅವನ ಶೆಡ್ಡಿನಲ್ಲಿದ್ದ ಶಾಫ್ಟನ್ನು ಅಳೆಯಲೇಬೇಕಿತ್ತು.

ಮೊದಲಾಗಿದ್ದರೆ ತಲೆ ಎತ್ತದೆ ಕೂಗಿ ಕೇಳುತ್ತಿದ್ದಳು. ಈಗ ಕೈ ತೊಳೆದು, ಕನ್ನಡಿ ನೋಡಿಕೊಂಡು, ನೋಡಿಕೊಂಡದ್ದಕ್ಕೆ ತನಗೇ ನಾಚಿಕೆಯಾಗಿ, ಅಳತೆಯ ವರ್ನಿಯರ್ ಹಿಡಿದು ನಡೆದಳು.

ಅವನು ಸ್ಟೂಲು ಸರಿಸಿದ. ಅವಳು ಕೂರಲಿಲ್ಲ.

"ಕ್ರ್ಯಾಂಕಲ್ಲಿ ತೂತು ಆಳ ಸಾಲದು. ನಿಮ್ಮ ಶಾಫ್ಟು ಅಳೀಬೇಕು."

"ನಿಮ್ಮ? ನಾನೇನು ಬ್ಯಾಂಕ್ ಮ್ಯಾನೇಜರ್ರಾ?"

ಅವಳಿಗೆ ನಗು ಬಂತು, ತುಟಿ ದಾಟಲಿಲ್ಲ. ಅವನು ಗೇರ್‌ಬಾಕ್ಸ್ ಓರೆಯಾಗಿ ಹಿಡಿದ, ಅವಳು ಅಳೆದಳು.

"ಮೂತಿ ಒಂಚೂರು ಕತ್ತರಿಸ್ಲಾ?"

"ಬೇಡ, ಅದು ಸರಿಯಾಗೇ ಇದೆ. ಕ್ರ್ಯಾಂಕನ್ನೇ ಕೊರೆಸ್ತೀನಿ."

"ಫ್ಲೈವೀಲ್ ಬೋಲ್ಟು ಕೂರುತ್ತಾ?"

"ಕೂರುತ್ತೆ. ನೋಡಿದೀನಿ."

"ನೋಡಿರ್ತೀಯ ಬಿಡು," ಎಂದು ಅವನು ಬೇರೆಲ್ಲೋ ನೋಡಿದ.

ಲೇತಿನವನು ತೂತು ಕೊರೆದುಕೊಟ್ಟ. ತೂತಿಗೆ ಬುಷ್ ಹಾಕಿ ಅವಳು ಇಂಜಿನ್ ಕಟ್ಟಿದಳು. ಜೋಡಿಸುವ ದಿನ ಅವನು ಗೇರ್‌ಬಾಕ್ಸನ್ನು ತಳ್ಳುಗಾಡಿಯಲ್ಲಿ ತಂದ. "ಎತ್ತು." "ಸಾಕು." "ನಿನ್ನ ಕಡೆಗೆ." ಮಧ್ಯಾಹ್ನವಿಡೀ ಇಬ್ಬರೂ ಆಡಿದ್ದು ಇಷ್ಟೇ. ಕೈಗಳಿಗೆ ಹಳೇ ಅಭ್ಯಾಸ, ಒಂದರ ದಾರಿಗೆ ಇನ್ನೊಂದು ಬರಲಿಲ್ಲ. ಶಾಫ್ಟು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಡ್ರೈವರ್ ಹಿಗ್ಗಿ, ಹಾರ್ನ್ ಹೊಡೆಯುತ್ತಾ ಹೋದ.

ಅವನು ಗ್ರೀಸು ಮೆತ್ತಿದ ಕೈಗಳನ್ನು ಎತ್ತಿಹಿಡಿದು ನಿಂತಿದ್ದ.

"ಕೈ ತೊಳೀಬೇಕು. ನೀರೆಲ್ಲಿದೆ?"

ಹಿಂದಿನ ಗೋಡೆಯ ಆ ನಲ್ಲಿ ಹಾಕಿಸಿದವನೇ ಅವನು. ಅವಳು ಬಂದ ನೆಂಟನಿಗೆ ತೋರಿಸುವಂತೆ ಬೆರಳು ಮಾಡಿ ತೋರಿಸಿದಳು. ಅವನು ತೊಳೆದು, "ಬರ್ತೀನಿ" ಎಂದು ಖಾಲಿ ತಳ್ಳುಗಾಡಿ ಎಳೆದುಕೊಂಡು ಹೋದ. ಅದರ ಗಡಗಡ ಸದ್ದು ಬೀದಿಯುದ್ದಕ್ಕೂ ಹೋಗಿ, ಆ ತುದಿಯಲ್ಲಿ ನಿಂತಿತು. ಅಲ್ಲಿಯವರೆಗೂ ತಾನು ಕೇಳಿಸಿಕೊಳ್ಳುತ್ತಿದ್ದೆನೆಂದು ಅವಳಿಗೆ ಗೊತ್ತಾದದ್ದು ಅದು ನಿಂತ ಮೇಲೆಯೇ.