ಕಣ್ಗಾವಲು

ಸ್ಕ್ಯಾನ್ ಡಾಕ್ಟರು ಮತ್ತೆ ಫೋನ್ ಮಾಡಿದಾಗ ಅಕ್ಕ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳಿಸಿಕೊಂಡಳು. ಹೊಸದೇನೂ ಇರಲಿಲ್ಲ. ರೋಗಿಯ ತಲೆಯ ಚಿತ್ರ ತೆರೆಯಲು ಹೋದರೆ ಅರ್ಧ ಬಂದು ನಿಲ್ಲುತ್ತದೆ, ಮಿಕ್ಕರ್ಧ ಬರುವಷ್ಟರಲ್ಲಿ ಹೋಗಿ ಕಾಫಿ ಕುಡಿದು ಬರಬಹುದು, ಅತ್ತ ಆಪರೇಷನ್ ಕೋಣೆಯಲ್ಲಿ ಜನ ಕೈಗವಸು ಹಾಕಿಕೊಂಡು ಕಾಯುತ್ತಿದ್ದಾರೆ. ನೋಡುತ್ತಿದ್ದೇನೆ ಸರ್ ಎಂದಳು ಅಕ್ಕ. ಸುಳ್ಳೇನಲ್ಲ, ನೋಡುವುದೇ ಅವಳ ಕೆಲಸ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಅವಳ ಮೇಜು. ಗಾಜಿನ ಆಚೆ ಸ್ಟೋರೇಜ್ ಯಂತ್ರ ಹಗಲಿರುಳೂ ಗುಂಯ್‌ಗುಡುತ್ತಿತ್ತು. ಊರಿನವರ ಎಕ್ಸ್‌ರೇ, ಸ್ಕ್ಯಾನು, ರಕ್ತಪರೀಕ್ಷೆಯ ವರದಿ ಎಲ್ಲ ಅದರ ಡಿಸ್ಕುಗಳಲ್ಲಿ. ಅವು ಎಷ್ಟು ತುಂಬಿವೆ, ಎಷ್ಟು ಬಿಸಿಯಾಗಿವೆ, ಕೇಳಿದ್ದನ್ನು ಎಷ್ಟು ಬೇಗ ತೆಗೆದುಕೊಡುತ್ತಿವೆ ಎಂಬುದು ಅವಳ ಮುಂದಿನ ಪರದೆಗಳ ಮೇಲೆ ಗೆರೆಗಳಾಗಿ ಹರಿಯುತ್ತಿತ್ತು. ವಿಭಾಗದಲ್ಲಿ ಅವಳಿಗಿಂತ ಹಳಬರು ಯಾರೂ ಉಳಿದಿರಲಿಲ್ಲವಾದ್ದರಿಂದ ಮುಖ್ಯಸ್ಥನೂ ಸೇರಿ ಎಲ್ಲರಿಗೂ ಅವಳು ಅಕ್ಕ. ಬೆನ್ನುನೋವು ಬಂದಿದ್ದೂ, ಕಣ್ಣಿಗೆ ದಪ್ಪ ಕನ್ನಡಕ ಬಂದಿದ್ದೂ ಇದೇ ಕುರ್ಚಿಯಲ್ಲಿ.

ಈಚೆಗೆ ಆ ಗೆರೆಗಳ ಜೊತೆ ಇನ್ನೊಂದು ಸೇರಿಕೊಂಡಿತ್ತು. ಕೀಬೋರ್ಡಿಗೆ ಒರಗಿಸಿಟ್ಟ ಅವಳ ಮೊಬೈಲಿನಲ್ಲಿ ಗಂಡನ ಎದೆಬಡಿತ ಓಡುತ್ತಿತ್ತು. ಗಂಡ ಅಂಗಡಿಗಳ ಬೋರ್ಡು ಬರೆಯುವವನು. ಹೃದಯಾಘಾತವಾಗಿ, ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಎದೆ ಕೊಯ್ಸಿಕೊಂಡು, ಹೇಗೋ ಬದುಕಿ ಮನೆಗೆ ಬಂದಿದ್ದ. ಇನ್ನು ಏಣಿಯ ಸುದ್ದಿಗೇ ಹೋಗಬೇಡಿ ಎಂದು ಡಾಕ್ಟರು ಕಳಿಸಿದ್ದರು. ಅವನಿಗೋ ಏಣಿ ಹತ್ತದಿದ್ದರೆ ಅನ್ನ ಇಳಿಯದು. ಕುಂಚಗಳನ್ನು ತೊಳೆದು ಒರೆಸಿ, ಒರೆಸಿದ್ದನ್ನೇ ಮತ್ತೆ ತೊಳೆದು ಸೋಫಾದ ಮೇಲೆ ಕೂತಿರುತ್ತಿದ್ದ. ಅವನ ಮುಖ ನೋಡಿದರೆ ಅಕ್ಕನಿಗೆ ಪಾಪ ಎನಿಸುತ್ತಿತ್ತು. ಆದರೂ ಏಣಿ ಹತ್ತಲು ಬಿಡಲಿಲ್ಲ. ಇನ್ನೊಂದು ಸಲ ಇವನನ್ನು ಸ್ಟ್ರೆಚರಿನ ಮೇಲೆ ನೋಡುವ ಶಕ್ತಿ ಅವಳಲ್ಲಿರಲಿಲ್ಲ. ಬಡಿತ ಅಳೆಯುವ ಪಟ್ಟಿಯೊಂದನ್ನು ತಂದು ತಾನೇ ಅವನ ಮಣಿಕಟ್ಟಿಗೆ ಕಟ್ಟಿದಳು.

ಆ ಪಟ್ಟಿಯ ಲೆಕ್ಕ ಬೇರೆ ಊರಿನಲ್ಲಿದ್ದ ಮಗಳ ಫೋನಿಗೂ ಹೋಗುತ್ತಿತ್ತು, ನಾದಿನಿಯ ಫೋನಿಗೂ. ಬಡಿತ ತುಸು ಏರಿದರೆ ಸಾಕು, ಮಗಳು ಫೋನ್ ಮಾಡುವಳು. ಫೋನ್ ಸದ್ದಿಗೆ ಬೆಚ್ಚಿ ಬಡಿತ ಇನ್ನಷ್ಟು ಏರುವುದು. ಅದನ್ನು ಕಂಡು ನಾದಿನಿ ಫೋನ್ ಮಾಡುವಳು. ಅವಳೊಂದಿಗೆ ಮಾತಾಡುತ್ತಿರುವಾಗ ಅಕ್ಕನದು ಬರುವುದು. ಅಣ್ಣನ ಫೋನು ಯಾವಾಗ ನೋಡಿದರೂ ಬಿಜಿ, ನನಗೆ ಗಾಬರಿಯಾಗುತ್ತದೆ ಎಂದು ನಾದಿನಿ ಅಕ್ಕನ ಮೇಲೆ ಹರಿಹಾಯುವಳು. ಒಟ್ಟಿನಲ್ಲಿ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಮುಖ್ಯಸ್ಥ ಕೆಳಗಿಳಿದು ಬಂದ. ಅವನ ಮೇಲೆ ಡಾಕ್ಟರುಗಳು ಬಿದ್ದಿದ್ದರು, ಅವನು ಅಕ್ಕನ ಮೇಲೆ ಬಿದ್ದ. ಇನ್ನೂ ಹತ್ತಿರದಿಂದ ನೋಡಿ, ಡಿಸ್ಕುಗಳನ್ನು ಇನ್ನೂ ಬೇಗ ಬೇಗ ತಪಾಸಣೆ ಮಾಡಿಸಿ ಎಂದು ಹೇಳಿ ಹೋದ. ಹಿಂದೆಯೂ ಇದೇ ಆಗಿತ್ತು. ದೂರು ಬಂದಾಗಲೆಲ್ಲ ತಪಾಸಣೆ ಹೆಚ್ಚಿಸುವುದು ಇಲ್ಲಿನ ಪದ್ಧತಿ. ಅಕ್ಕನದೊಂದು ಪ್ರೋಗ್ರಾಮಿತ್ತು. ಅದು ಪ್ರತಿ ಡಿಸ್ಕಿನಲ್ಲೂ ಸುಮ್ಮನೆ ಒಂದು ಕಡತ ಬರೆದು, ಮತ್ತೆ ಓದಿ, ಎಷ್ಟು ಹೊತ್ತಾಯಿತೆಂದು ಅಳೆಯುತ್ತಿತ್ತು. ಮೊದಲು ಗಂಟೆಗೊಮ್ಮೆ ಅಳೆಯುತ್ತಿದ್ದುದು ಈಗ ನಿಮಿಷಕ್ಕೆ ಹತ್ತಾರು ಸಲಕ್ಕೆ ಬಂದು ನಿಂತಿತ್ತು.

ತಣ್ಣಗಾದ ಡಬ್ಬಿಯೂಟವನ್ನು ಒಂದು ಕೈಯಲ್ಲಿ ಕಲಸುತ್ತ ಇನ್ನೊಂದು ಕೈಯಲ್ಲಿ ತಪಾಸಣೆಯನ್ನು ಇನ್ನಷ್ಟು ಹೆಚ್ಚಿಸಲು ಹೊರಟವಳು, ಇನ್ನು ಯಾರ್ಯಾರು ಈ ಡಿಸ್ಕುಗಳನ್ನು ಕೇಳುತ್ತಿದ್ದಾರೆ ನೋಡೋಣ ಎಂದು ಯಂತ್ರದ ದಾಖಲೆ ತೆರೆದಳು. ಪಕ್ಕದ ಮೇಜಿನ ನೆಟ್‌ವರ್ಕ್‌ನವನು ತನ್ನದೇ ಒಂದು ತಪಾಸಣೆ ಹಾಕಿದ್ದ. ಯಂತ್ರ ಮಾರಿದ ಕಂಪನಿಯವರದು ಒಂದಿತ್ತು. ಮುಖ್ಯಸ್ಥ ಯಾರಿಗೂ ಹೇಳದೆ ತನ್ನ ಕೋಣೆಯ ಗೋಡೆಯ ಪರದೆಗೆ ಒಂದನ್ನು ಜೋಡಿಸಿಕೊಂಡಿದ್ದ. ಎಲ್ಲಕ್ಕಿಂತ ಹೆಚ್ಚು ಕೇಳುತ್ತಿದ್ದುದು ಅವಳದೇ. ಡಾಕ್ಟರು ಕೇಳಿದ ಚಿತ್ರ ತೆಗೆಯಲು ಡಿಸ್ಕುಗಳಿಗೆ ಪುರಸೊತ್ತೆಲ್ಲಿ? ಹೇಗಿದ್ದೀಯಾ ಹೇಗಿದ್ದೀಯಾ ಎಂದು ಕೇಳಿದವರಿಗೆಲ್ಲ ಉತ್ತರ ಕೊಡುವುದರಲ್ಲೇ ಅವುಗಳ ದಿನ ಹೋಗುತ್ತಿತ್ತು. ಅಕ್ಕನಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಕೈ ತೊಳೆದು ಬಂದು, ಯಾರನ್ನೂ ಕೇಳದೆ, ಒಂದೊಂದಾಗಿ ಎಲ್ಲವನ್ನೂ ನಿಲ್ಲಿಸಿದಳು. ಪರದೆಗಳು ಖಾಲಿಯಾದವು. ಸ್ಕ್ಯಾನ್ ಡಾಕ್ಟರಿಗೆ ಫೋನ್ ಮಾಡಿ, ಈಗೊಮ್ಮೆ ತೆರೆದು ನೋಡಿ ಎಂದಳು.

"ಬಂತಲ್ರೀ. ಒತ್ತಿದ ತಕ್ಷಣ ಬಂತು. ಏನ್ ಮಾಡಿದ್ರಿ?"

"ಕೇಳೋದು ನಿಲ್ಸಿದೆ ಸರ್."

ಮುಖ್ಯಸ್ಥ ಮತ್ತೆ ಓಡಿ ಬಂದ. ಗೋಡೆಯ ಪರದೆ ಖಾಲಿಯಾಗಿದ್ದು ಕಂಡು ಬಂದಿದ್ದ. ಹೀಗೆ ಕಣ್ಣು ಮುಚ್ಚಿಕೊಂಡು ಕೂತರೆ, ಏನಾದರೂ ಕೆಟ್ಟಾಗ ಗೊತ್ತಾಗುವುದು ಹೇಗೆ ಎಂದ. ಗಂಟೆಗೊಮ್ಮೆ ನೋಡಿದರೆ ಸಾಕು, ತೀರಾ ಹಾಳಾದರೂ ಎಲ್ಲದಕ್ಕೂ ಇನ್ನೊಂದು ಕಟ್ಟಡದಲ್ಲಿ ಎರಡನೇ ಪ್ರತಿ ಇದೆಯಲ್ಲ ಎಂದು ಅಕ್ಕ ಸಮಾಧಾನ ಹೇಳಿ ಕಳಿಸಿದಳು. ಬಹಳ ದಿನಗಳ ಮೇಲೆ ಕುರ್ಚಿಗೆ ಬೆನ್ನು ಕೊಟ್ಟು ಕೂತಳು.

ಆಗ ಮೊಬೈಲು ಕಣ್ಣಿಗೆ ಬಿತ್ತು. ಅದರಲ್ಲಿ ಗೆರೆ ಇರಲಿಲ್ಲ. ಸಂಪರ್ಕವಿಲ್ಲ ಎಂದು ಬರೆದಿತ್ತು.

ಫೋನ್ ಮಾಡಿದರೆ ಗಂಡ ಎತ್ತಲಿಲ್ಲ. ಮತ್ತೆ ಮಾಡಿದಳು. ನಡುವೆ ನಾದಿನಿಯದು ಬಂತು, ಕತ್ತರಿಸಿದಳು. ಕೊನೆಗೆ ಗಂಡನ ದನಿ ಕೇಳಿತು, ಹಿಂದೆ ಬೀದಿಯ ಗಲಾಟೆ. ಪಟ್ಟಿ ಎಲ್ಲಿ, ನೀವೆಲ್ಲಿದ್ದೀರಿ ಎಂದು ಅವಳು ಒಂದೇ ಉಸಿರಿಗೆ ಕೇಳಿದಳು. ಪಟ್ಟಿ ಬಿಚ್ಚಿ ಸೋಫಾದ ಮೇಲಿಟ್ಟು ಬಂದಿದ್ದ. ಬಸ್ ನಿಲ್ದಾಣದ ಹಿಂದೆ ಬೀಗದ ಕೈ ಮಾಡುವವನು ಹೊಸ ಅಂಗಡಿ ಹಾಕಿದ್ದಾನಂತೆ, ಬೋರ್ಡು ಬರೆಯಲು ಇವನು ಒಪ್ಪಿಕೊಂಡಿದ್ದಾನಂತೆ.

"ನಿಮಗೇನು ತಲೆ ಕೆಟ್ಟಿದೆಯೇನ್ರೀ? ಏಣಿ ಮೇಲೆ ಏನಾದ್ರೂ ಆದ್ರೆ?"

"ಬೆಳಿಗ್ಗೆಯಿಂದ ಎಷ್ಟು ಜನಕ್ಕೆ ಚೆನ್ನಾಗಿದೀನಿ ಅಂತ ಹೇಳಿದೀನಿ ಗೊತ್ತಾ? ಹೇಳಿ ಹೇಳಿ ಸುಸ್ತಾಗಿದೆ ಕಣೆ. ಬಣ್ಣ ಒಣಗ್ತಿದೆ, ಇಡ್ತೀನಿ."

ಇಟ್ಟೇಬಿಟ್ಟ. ಅಕ್ಕ ಖಾಲಿ ಪರದೆಗಳನ್ನು ನೋಡಿದಳು. ಇಲ್ಲಿ ನಿಲ್ಲಿಸಿದ ಹಾಗೆ ಅಲ್ಲೂ ನಿಲ್ಲಿಸಿಬಿಡು ಎಂದು ಹೇಳುವುದು ಸುಲಭ. ಆದರೆ ಈ ಯಂತ್ರಕ್ಕೆ ಎರಡನೇ ಪ್ರತಿಯಿದೆ, ಅವನಿಗೆ ಎಲ್ಲಿದೆ? ಚೀಲ ಹೆಗಲಿಗೇರಿಸಿ, ಹೊರಗೆ ಹೋಗಿ ಬರುತ್ತೇನೆ ಎಂದು ನೆಟ್‌ವರ್ಕ್‌ನವನಿಗೆ ಹೇಳಿ ಮೆಟ್ಟಿಲು ಹತ್ತಿದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡಳು. ನನ್ನ ಗತಿ ಏನು ಅಂತ ಒಂದು ಸಲವಾದರೂ ಯೋಚಿಸಿದಿರಾ ಎಂಬುದು ಮೊದಲನೆಯದು. ಮಿಕ್ಕವು ಅದಕ್ಕಿಂತ ಖಾರವಾಗಿದ್ದವು.

ಬೀದಿಯ ತಿರುವಿನಲ್ಲೇ ಅವನು ಕಾಣಿಸಿದ. ಏಣಿಯ ಮೇಲೆ, ಅಂಗಡಿಯ ಬಾಗಿಲಿಗಿಂತ ಎತ್ತರದಲ್ಲಿ, ಸಡಿಲವಾದ ಅಂಗಿಯೊಳಗೆ ಅರ್ಧಕ್ಕರ್ಧ ಇಳಿದುಹೋದ ಮೈ. ಒಂದು ಗೆರೆ ಎಳೆಯುವನು, ಏಣಿಯ ಮೆಟ್ಟಿಲಿಗೆ ಹಣೆ ಆನಿಸಿ ಸುಧಾರಿಸಿಕೊಳ್ಳುವನು, ಮತ್ತೆ ಕುಂಚ ಅದ್ದುವನು. ಬೀಗದವನು ಒಳಗೆ ಗಿರಾಕಿಯೊಬ್ಬನ ಕೀಲಿ ಉಜ್ಜುತ್ತಿದ್ದ. ಕಾಲುದಾರಿಯ ಕಲ್ಲು ಎದ್ದಿದ್ದರಿಂದ ಏಣಿಯ ಒಂದು ಕಾಲು ಸರಿಯಾಗಿ ಊರಿರಲಿಲ್ಲ. ಕೂಗಿದರೆ ಬೆಚ್ಚಿಬಿದ್ದಾನು. ಅಕ್ಕ ಚಪ್ಪಲಿಯ ಸದ್ದೂ ಆಗದಂತೆ ರಸ್ತೆ ದಾಟಿ ಏಣಿಯನ್ನು ಎರಡೂ ಕೈಯಿಂದ ಹಿಡಿದಳು.

ಅವನು ಕೆಳಗೆ ನೋಡಲಿಲ್ಲ. "ಯಾರದು?"

"ನಾನು."

ಅವನು ಕುಂಚ ಅದ್ದಿಕೊಂಡ. "ಬಯ್ಯೋದಿದ್ರೆ ಇಳಿದ ಮೇಲೆ ಬಯ್ಯಿ."

ಅಷ್ಟೆಲ್ಲ ಹೊಂದಿಸಿಕೊಂಡು ಬಂದವಳು, "ಇನ್ನೂ ಎಷ್ಟಿದೆ?" ಎಂದಳು.

"ಒಂದಕ್ಷರ."

"ನಿಧಾನಕ್ಕೆ ಬರೀರಿ."

ಅವನು ಬರೆಯತೊಡಗಿದ. ಏಣಿಯಲ್ಲಿ ಸಣ್ಣ ನಡುಕವೊಂದು ಇಳಿದು ಬರುತ್ತಿತ್ತು. ಕೆಂಪು ಬಣ್ಣದ ಹನಿಯೊಂದು ಅವಳ ಮುಂಗೈ ಮೇಲೆ ಬಿತ್ತು. ಚೀಲದಲ್ಲಿ ಫೋನು ಹೊಡೆದುಕೊಳ್ಳಲು ಶುರುಮಾಡಿ, ನಿಂತು, ಮತ್ತೆ ಶುರುಮಾಡಿತು. ಅವಳ ಎರಡೂ ಕೈ ಏಣಿಯ ಮೇಲಿದ್ದವು.